ಒಂದೇ ಫ್ರಿಡ್ಜ್, ಒಬ್ಬರಿಗೆ ಶಾಕ್, ಇನ್ನೊಬ್ಬರಿಗೆ ಇಲ್ಲ: ಯಾಕೆ ಹೀಗೆ, ಏನು ಮಾಡಬೇಕು?

ಮಳೆಗಾಲ ಶುರುವಾದರೆ ಸಾಕು, ಕೊಡಗಿನ ಓದುಗರಿಂದ ಈ ಪ್ರಶ್ನೆ ಬಂದೇ ಬರುತ್ತದೆ. "ಫ್ರಿಡ್ಜ್ ಬಾಗಿಲು ಮುಟ್ಟಿದರೆ ನನಗೆ ಜುಮ್ ಅನ್ನುತ್ತೆ. ಮನೆಯವರು ಮುಟ್ಟಿದರೆ ಏನೂ ಇಲ್ಲ, ನಿನಗೆ ಭ್ರಮೆ ಅಂತಾರೆ. ನನ್ನ ಮೈಯಲ್ಲೇ ಏನಾದರೂ ಹೆಚ್ಚುಕಮ್ಮಿ ಇದೆಯಾ?" ಇದರ ಜೊತೆಗೇ ಇನ್ನೊಂದು ಮಾತು ಕೇಳಿಬರುತ್ತದೆ: "ನಮ್ಮ ಅಣ್ಣನಿಗೆ ಕರೆಂಟ್ ಹೊಡೆಯೋದೇ ಇಲ್ಲ, ಬರಿಗೈಲೇ ವೈರ್ ಹಿಡೀತಾನೆ."

ಮೊದಲ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಮೈ ಸರಿಯಾಗಿಯೇ ಇದೆ. ದೋಷ ಇರುವುದು ಫ್ರಿಡ್ಜ್‌ನಲ್ಲಿ ಅಥವಾ ಮನೆಯ ವೈರಿಂಗ್‌ನಲ್ಲಿ. ಶಾಕ್ ಗೊತ್ತಾದವರ ಮಾತು ನಿಜ. ಗೊತ್ತಾಗದವರು ಆ ಹೊತ್ತಿಗೆ ಚಪ್ಪಲಿ ಹಾಕಿದ್ದರು, ಅಥವಾ ಅವರ ಕೈ ಒಣಗಿತ್ತು, ಅಷ್ಟೇ. ಎರಡನೆಯ ಮಾತಿಗೂ ಉತ್ತರ ಅದೇ. ಕರೆಂಟ್ ಹೊಡೆಯದ ಮೈ ಅಂತ ಒಂದಿಲ್ಲ. ಇವತ್ತು ಏನೂ ಆಗದ ಅದೇ ಕೈಗೆ ನಾಳೆ ಬೆವರು ಇದ್ದರೆ, ಕಾಲು ಒದ್ದೆ ನೆಲದ ಮೇಲಿದ್ದರೆ, ಪ್ರಾಣ ಹೋಗಬಹುದು.

ಆದ್ದರಿಂದ ಯಾರಿಗೆ ಹೊಡೆಯುತ್ತದೆ ಅಂತ ಹುಡುಕುವುದನ್ನು ಬಿಟ್ಟು, ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತಿದೆ ಅಂತ ನೋಡೋಣ. ಕೆಳಗಿನ ಹಂತಗಳು ಅದಕ್ಕೇ.

ಶುರು ಮಾಡುವ ಮುಂಚೆ

ನಿಮಗೆ ಬೇಕಾಗುವುದು ಸ್ವಲ್ಪವೇ. ಒಣಗಿದ ರಬ್ಬರ್ ಚಪ್ಪಲಿ, ಟಾರ್ಚ್, ಒಂದು ನೋಟ್‌ಬುಕ್, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರ ಫೋನ್ ನಂಬರ್. ನಿಮ್ಮ ಕೆಲಸ ನೋಡುವುದು, ಸ್ವಿಚ್ ಆಫ್ ಮಾಡುವುದು, ಬರೆದಿಡುವುದು, ಸರಿಯಾದ ಪ್ರಶ್ನೆ ಕೇಳುವುದು. ಬೋರ್ಡ್ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಹಂತ 1: ಲೆಕ್ಕ ತಿಳಿದುಕೊಳ್ಳಿ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ವೋಲ್ಟ್ ಅಂದರೆ ಕರೆಂಟನ್ನು ತಳ್ಳುವ ಒತ್ತಡ. ಆಂಪಿಯರ್ ಅಂದರೆ ನಿಜವಾಗಿ ಹರಿಯುವ ಕರೆಂಟ್. ಅದರ ಸಾವಿರದ ಒಂದು ಭಾಗ ಮಿಲಿ ಆಂಪಿಯರ್. ಓಮ್ ಅಂದರೆ ಆ ಹರಿವಿಗೆ ಎದುರಾಗುವ ತಡೆ. ಒತ್ತಡವನ್ನು ತಡೆಯಿಂದ ಭಾಗಿಸಿದರೆ ಹರಿಯುವ ಕರೆಂಟ್ ಎಷ್ಟು ಅಂತ ಸಿಗುತ್ತದೆ.

ನಮ್ಮ ಮೈಯ ತಡೆ ಬಹುಪಾಲು ಇರುವುದು ಚರ್ಮದಲ್ಲಿ. ಚೆನ್ನಾಗಿ ಒಣಗಿದ, ಗಟ್ಟಿಯಾದ ಚರ್ಮದ ತಡೆ 1,00,000 ಓಮ್‌ವರೆಗೂ ಇರಬಹುದು. ಅದೇ ಚರ್ಮ ಒದ್ದೆಯಾದರೆ 1,000 ಓಮ್ ಆಸುಪಾಸಿಗೆ ಇಳಿಯುತ್ತದೆ. ಚರ್ಮದ ಒಳಗಿನ ಮೈಗೆ ಇರುವ ತಡೆ ಕೆಲವು ನೂರು ಓಮ್ ಮಾತ್ರ.

ಈಗ ಭಾಗಿಸಿ ನೋಡಿ. ಒಣ ಕೈ: 230 ಭಾಗ 1,00,000, ಅಂದರೆ 2.3 ಮಿಲಿ ಆಂಪಿಯರ್. ಜುಮ್ ಅನ್ನುತ್ತದೆ, ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ಒದ್ದೆ ಕೈ: 230 ಭಾಗ 1,000, ಅಂದರೆ 230 ಮಿಲಿ ಆಂಪಿಯರ್. ಇದು ಸಾಯಿಸುವಷ್ಟು ಕರೆಂಟ್. ಅದೇ ವೈರು, ಅದೇ ಮನುಷ್ಯ, ಆದರೆ ಕರೆಂಟ್ ನೂರು ಪಟ್ಟು ಜಾಸ್ತಿ.

ಎಷ್ಟು ಕರೆಂಟಿಗೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. ಸುಮಾರು 1 ಮಿಲಿ ಆಂಪಿಯರ್‌ಗೆ ಚುರುಗುಟ್ಟುವುದು ಗೊತ್ತಾಗುತ್ತದೆ. 10ರಿಂದ 16 ಮಿಲಿ ಆಂಪಿಯರ್‌ಗೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿದರೆ ಉಸಿರಾಟಕ್ಕೇ ಕುತ್ತು. 50ರಿಂದ 100ರ ಆಸುಪಾಸಿನಲ್ಲಿ ಒಂದೆರಡು ಸೆಕೆಂಡ್ ಹರಿದರೂ ಹೃದಯ ಲಯ ತಪ್ಪಿ ಅದುರತೊಡಗುತ್ತದೆ. ರಕ್ತ ತಳ್ಳುವುದು ನಿಂತೇ ಹೋಗುತ್ತದೆ.

60 ವ್ಯಾಟ್‌ನ ಹಳೇ ಬಲ್ಬ್ ಒಂದಕ್ಕೇ ಸುಮಾರು 260 ಮಿಲಿ ಆಂಪಿಯರ್ ಬೇಕು. ಅಂದರೆ ಒಂದು ಬಲ್ಬ್ ಉರಿಸುವ ಕರೆಂಟಿಗಿಂತ ಕಡಿಮೆಯಲ್ಲೇ ಮನುಷ್ಯನ ಜೀವ ಹೋಗುತ್ತದೆ. ದಯವಿಟ್ಟು ಇದನ್ನು ಮರೆಯಬೇಡಿ.

ಹಂತ 2: ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ನೋಡಿ

ಕಾಲಿನಿಂದ ಶುರು ಮಾಡಿ. ಕರೆಂಟ್ ಮೈಯೊಳಗೆ ಬಂದರೆ ಸಾಲದು, ಹೊರಗೆ ಹೋಗಲೂ ದಾರಿ ಬೇಕು. ಹೆಚ್ಚಿನ ಸಲ ಆ ದಾರಿ ನಮ್ಮ ಪಾದ ಮತ್ತು ನೆಲ. ಒಣ ಹವಾಯಿ ಚಪ್ಪಲಿ ಹಾಕಿದವರಿಗೆ ದಾರಿ ಬಹುಪಾಲು ಮುಚ್ಚಿರುತ್ತದೆ. ಬರಿಗಾಲಲ್ಲಿ, ಈಗಷ್ಟೇ ಒರೆಸಿದ ಸಿಮೆಂಟ್ ನೆಲದ ಮೇಲೆ ನಿಂತವರಿಗೆ ದಾರಿ ಪೂರ್ತಿ ತೆರೆದಿರುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಅದೇ ಒದ್ದೆ ಕೈಯಲ್ಲಿ ಬರಿಗಾಲಲ್ಲಿ ಫ್ರಿಡ್ಜ್ ತೆಗೆಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರು. "ಹೆಂಗಸರಿಗೆ ಶಾಕ್ ಜಾಸ್ತಿ" ಅನ್ನುವ ಮಾತಿನ ಹಿಂದೆ ಮುಖ್ಯವಾಗಿ ಇರುವುದು ಇದೇ. ಮೈಯ ವ್ಯತ್ಯಾಸವೂ ಸ್ವಲ್ಪ ಇದೆ. ಕೈ ಬಿಡಲಾಗದ ಮಟ್ಟ ಗಂಡಸರಿಗೆ ಸರಾಸರಿ 16 ಮಿಲಿ ಆಂಪಿಯರ್ ಆದರೆ ಹೆಂಗಸರಿಗೆ ಸುಮಾರು 10. ಮಕ್ಕಳಿಗೆ ಇನ್ನೂ ಕಡಿಮೆ. ಹಾಗಾಗಿ ಮಗು "ಶಾಕ್ ಹೊಡೀತು" ಅಂದರೆ ನೀವು ಮುಟ್ಟಿ ಪರೀಕ್ಷೆ ಮಾಡಿ "ಏನೂ ಇಲ್ವಲ್ಲ" ಅನ್ನಬೇಡಿ. ಮಗುವಿನ ಮಾತನ್ನೇ ನಂಬಿ.

ಆಮೇಲೆ ಕೈ. ಹಾರೆ, ಗುದ್ದಲಿ ಹಿಡಿದು ಒರಟಾದ ಅಂಗೈಯಲ್ಲಿ ತಡೆ ಜಾಸ್ತಿ. ಬರಿಗೈಯಲ್ಲಿ ವೈರ್ ಮುಟ್ಟಿಯೂ ಉಳಿಯುವವರ ಗುಟ್ಟು ಬಹುತೇಕ ಇಷ್ಟೇ: ಒರಟು ಕೈ, ಒಣ ಚಪ್ಪಲಿ, ಬೆರಳ ತುದಿಯ ಕ್ಷಣದ ಸ್ಪರ್ಶ. ಇದರಲ್ಲಿ ಒಂದು ತಪ್ಪಿದರೂ ಕಥೆ ಬೇರೆ. ಬೆರಳ ತುದಿ ತಾಗುವುದಕ್ಕೂ, ಇಡೀ ಅಂಗೈಯಲ್ಲಿ ಕಬ್ಬಿಣದ ಹಿಡಿ ಹಿಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ. ತಾಗುವ ಜಾಗ ಹೆಚ್ಚಿದಷ್ಟೂ ತಡೆ ಕಡಿಮೆ. ಕೈಯಲ್ಲಿ ಗಾಯ, ಬಿರುಕು ಇದ್ದರೆ ಚರ್ಮದ ಕಾವಲು ಅಲ್ಲಿ ಇಲ್ಲವೇ ಇಲ್ಲ.

ಮೂರನೆಯದು, ಕರೆಂಟ್ ಮೈಯಲ್ಲಿ ಹೋಗುವ ದಾರಿ. ಒಂದೇ ಕೈಯ ಎರಡು ಬೆರಳಿನ ನಡುವೆ ಹೋದರೆ ಸುಡುತ್ತದೆ, ಆದರೆ ಹೃದಯದವರೆಗೆ ಹೋಗುವುದಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ, ಅಥವಾ ಎಡಗೈಯಿಂದ ಕಾಲಿಗೆ ಹೋದರೆ ನಡುವೆ ಎದೆ ಸಿಗುತ್ತದೆ. ಹಳೇ ಎಲೆಕ್ಟ್ರಿಷಿಯನ್‌ಗಳು ಒಂದು ಕೈ ಹಿಂದಕ್ಕೆ ಇಟ್ಟುಕೊಂಡು ಕೆಲಸ ಮಾಡುವುದು ಇದಕ್ಕೇ.

ನಾಲ್ಕನೆಯದು ಹೊತ್ತು. ಹೃದಯದ ಪ್ರತಿ ಬಡಿತದಲ್ಲೂ ಒಂದು ಸಣ್ಣ ಗಳಿಗೆ ಬಹಳ ಸೂಕ್ಷ್ಮ. ಶಾಕ್ ಆ ಗಳಿಗೆಗೆ ಬಿದ್ದರೆ ಲಯ ತಪ್ಪುತ್ತದೆ, ತಪ್ಪಿಸಿಕೊಂಡರೆ ಉಳಿಯುತ್ತೀರಿ. ಒಂದೇ ತರಹದ ಶಾಕ್‌ಗೆ ಒಬ್ಬರು ಉಳಿದು ಇನ್ನೊಬ್ಬರು ಹೋಗುವುದರಲ್ಲಿ ಈ ಗಳಿಗೆಯ ಪಾಲು ದೊಡ್ಡದು. ಆದರೆ ಕೈ ಅಂಟಿಕೊಂಡು ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಹರಿದರೆ, ಆ ಗಳಿಗೆ ಬಂದೇ ಬರುತ್ತದೆ.

ಹೃದಯದ ಕಾಯಿಲೆ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು ಸಣ್ಣ ಶಾಕ್ ಆದರೂ ಡಾಕ್ಟರಿಗೆ ಹೇಳಬೇಕು.

ಇನ್ನು ಸ್ವೆಟರ್ ತೆಗೆಯುವಾಗ, ಕಾರಿನ ಬಾಗಿಲು ಮುಟ್ಟಿದಾಗ ಚಟ್ ಅನ್ನುವುದು ಬೇರೆ ವಿಷಯ. ಅದು ಬಟ್ಟೆ ಉಜ್ಜಿ ಮೈಯಲ್ಲಿ ಶೇಖರವಾದ ಸ್ಥಿರ ವಿದ್ಯುತ್. ಸಾವಿರಾರು ವೋಲ್ಟ್ ಇದ್ದರೂ ಶೇಖರವಾದದ್ದು ಅತ್ಯಲ್ಪ, ಒಂದು ಕಿಡಿಗೆ ಮುಗಿದುಹೋಗುತ್ತದೆ. ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ, ಸಿಂಥೆಟಿಕ್ ಬಟ್ಟೆ ಹಾಕುವವರಿಗೆ ಜಾಸ್ತಿ. ಇದಕ್ಕೆ ಭಯಪಡುವುದು ಬೇಡ. ಮತ್ತೆ ಮತ್ತೆ ಮುಟ್ಟಿದಾಗಲೂ ಜುಮ್ ಅನ್ನುತ್ತಲೇ ಇದ್ದರೆ ಅದು ಸ್ಥಿರ ವಿದ್ಯುತ್ ಅಲ್ಲ, ಲೈನ್ ಕರೆಂಟ್. ಆಗ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಶಾಕ್ ಕೊಟ್ಟ ವಸ್ತುವನ್ನು ನಿಲ್ಲಿಸಿ

ಮನೆಯಲ್ಲಿ ಒಬ್ಬರಿಗೆ ಶಾಕ್ ಹೊಡೆದರೂ ಸರಿ, ಆ ಕ್ಷಣವೇ ಅದರ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ. ಪ್ಲಗ್ ಒದ್ದೆಯಾಗಿದ್ದರೆ ಅದನ್ನು ಮುಟ್ಟಬೇಡಿ, ಮೇನ್ ಆಫ್ ಮಾಡಿ. ಬೇರೆಯವರನ್ನು ಕರೆದು "ನೀನೂ ಮುಟ್ಟಿ ನೋಡು" ಅನ್ನುವುದು ನಮ್ಮಲ್ಲಿ ತುಂಬಾ ಇದೆ. ಅದು ಬೇಡವೇ ಬೇಡ. ಅಂಗೈ ಬದಲು ಕೈಯ ಹಿಂಭಾಗದಿಂದ ಮುಟ್ಟಿದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ಅದೂ ಬೇಡ.

ನಂತರ ಬರೆದಿಡಿ. ಯಾವ ವಸ್ತು, ಯಾವ ಸಾಕೆಟ್, ಆನ್ ಇದ್ದಾಗ ಮಾತ್ರವಾ, ಚಪ್ಪಲಿ ಇತ್ತಾ, ನೆಲ ಒದ್ದೆ ಇತ್ತಾ, ಮಳೆ ಬರುತ್ತಿತ್ತಾ, ಆಗ ಇನ್ವರ್ಟರ್ ಅಥವಾ ಜನರೇಟರ್ ಓಡುತ್ತಿತ್ತಾ. ಎಲೆಕ್ಟ್ರಿಷಿಯನ್ ಬಂದ ದಿನ ಬಿಸಿಲಿದ್ದು ನೆಲ ಒಣಗಿದ್ದರೆ ಶಾಕ್ ಕಾಣಿಸದೇ ಹೋಗಬಹುದು. ಆಗ ನಿಮ್ಮ ಈ ಟಿಪ್ಪಣಿಯೇ ಅವರಿಗೆ ದಾರಿ ತೋರಿಸುತ್ತದೆ.

ಒಂದಲ್ಲ, ಮನೆಯ ಹಲವು ವಸ್ತುಗಳು ಒಟ್ಟಿಗೇ ಶಾಕ್ ಕೊಡುತ್ತಿವೆಯಾ? ನಲ್ಲಿ ಮುಟ್ಟಿದರೂ ಜುಮ್ ಅನ್ನುತ್ತದೆಯಾ? ಹಾಗಿದ್ದರೆ ಇದು ತುರ್ತು. ವಸ್ತುಗಳಲ್ಲಿ ದೋಷ ಇರುವುದಕ್ಕಿಂತ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಅಥವಾ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಕೆಟ್ಟಿರುವ ಸಾಧ್ಯತೆ ಜಾಸ್ತಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ.

ಟೆಸ್ಟರ್ ಬಗ್ಗೆ ಒಂದು ಎಚ್ಚರಿಕೆ. ನಿಯಾನ್ ಬಲ್ಬ್ ಇರುವ ಸ್ಕ್ರೂಡ್ರೈವರ್ ಟೆಸ್ಟರ್ ನಿಮ್ಮ ಮೈಯ ಮೂಲಕ ಬಹಳ ಸಣ್ಣ ಕರೆಂಟ್ ಹರಿಸಿ ಉರಿಯುತ್ತದೆ. ಒಳಗಿರುವ ದೊಡ್ಡ ತಡೆಯಿಂದ ನಿಮಗೆ ಅದು ಗೊತ್ತಾಗುವುದಿಲ್ಲ. ಮರದ ಸ್ಟೂಲ್ ಮೇಲೆ ನಿಂತಿದ್ದರೆ, ಅಥವಾ ಬೆಳಕು ಜೋರಾಗಿದ್ದರೆ, ಫೇಸ್, ಅಂದರೆ ಕರೆಂಟ್ ತರುವ ವೈರ್, ಇದ್ದರೂ ಉರಿದದ್ದು ಕಾಣದೇ ಹೋಗಬಹುದು. ಟೆಸ್ಟರ್ ಉರಿದರೆ ಕರೆಂಟ್ ಇದೆ ಅಂದುಕೊಳ್ಳಿ. ಉರಿಯಲಿಲ್ಲ ಅಂತ ಕರೆಂಟ್ ಇಲ್ಲ ಅಂದುಕೊಳ್ಳಬೇಡಿ.

ಹಂತ 4: ಅರ್ಥಿಂಗ್ ಪರೀಕ್ಷಿಸಿ

ಮೂರು ಪಿನ್ ಪ್ಲಗ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ದಪ್ಪ, ಸ್ವಲ್ಪ ಉದ್ದ. ಅದು ಅರ್ಥ್ ಪಿನ್. ಉದ್ದ ಇರುವುದರಿಂದ ಸಾಕೆಟ್ಟಿಗೆ ಎಲ್ಲಕ್ಕಿಂತ ಮೊದಲು ಸೇರುತ್ತದೆ, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಒಳಗೆ ಕರೆಂಟ್ ಹರಿಯುವ ಅಷ್ಟೂ ಹೊತ್ತು ಅದು ಕಾವಲಿಗೆ ಇರುತ್ತದೆ. ಫ್ರಿಡ್ಜ್‌ನ ಕಬ್ಬಿಣದ ಮೈಗೆ ಒಳಗಿನ ವೈರ್ ತಾಗಿದರೆ, ಆ ಕರೆಂಟ್ ನಿಮ್ಮ ಮೈ ಬದಲು ಈ ಪಿನ್ ಮೂಲಕ ಹಸಿರು ವೈರಿನಲ್ಲಿ ಇಳಿದು ಮನೆ ಹೊರಗಿನ ಗುಂಡಿಗೆ ಹೋಗಬೇಕು.

ಇಲ್ಲಿ ಆಗುವ ತಪ್ಪುಗಳು ಒಂದೆರಡಲ್ಲ. ಸಾಕೆಟ್ಟಿಗೆ ಕೂರಲ್ಲ ಅಂತ ಮೂರನೇ ಪಿನ್ನನ್ನೇ ಕತ್ತರಿಸುತ್ತಾರೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ವೈರಿನಲ್ಲಿ ಗ್ರೈಂಡರ್ ಓಡಿಸುತ್ತಾರೆ. ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಹಿಂದೆ ಹಸಿರು ವೈರೇ ಇರುವುದಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ ಮುಟ್ಟಿದರೆ ಚುರುಗುಟ್ಟುತ್ತದೆ ಅನ್ನುವವರ ಮನೆಯಲ್ಲಿ ಬಹುತೇಕ ಇದೇ ಸಮಸ್ಯೆ. ಅದರ ಪವರ್ ಸಪ್ಲೈಯಿಂದ ಸಹಜವಾಗಿ ಸೋರುವ ಸಣ್ಣ ಕರೆಂಟಿಗೆ ಹೋಗಲು ದಾರಿ ಸಿಗದೆ ಕ್ಯಾಬಿನೆಟ್ಟಿನಲ್ಲೇ ಉಳಿದಿರುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ಅರ್ಥ್ ಗುಂಡಿ ತೋಡುವ ಬದಲು, ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಲೂಪ್ ಹಾಕಿಬಿಡುತ್ತಾರೆ. ಎಲ್ಲ ಸರಿ ಇರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಕೊಂಬೆ ಬಿದ್ದು ಕಂಬದ ಹತ್ತಿರ ನ್ಯೂಟ್ರಲ್ ತುಂಡಾದ ದಿನ, ಮನೆಯ ಎಲ್ಲ ಕಬ್ಬಿಣದ ಮೈಗಳಿಗೂ ಕರೆಂಟ್ ಬಂದುಬಿಡುತ್ತದೆ. ಕೊಡಗಿನ ಮಳೆಗಾಲದಲ್ಲಿ ಕೊಂಬೆ ಬೀಳದ ವಾರ ಎಲ್ಲಿದೆ? ಎಲೆಕ್ಟ್ರಿಷಿಯನ್ ಬಂದಾಗ ಈ ಲೂಪ್ ಇದೆಯಾ ಅಂತ ಒಂದು ಸಾಕೆಟ್ ಬಿಚ್ಚಿಸಿ ನಿಮ್ಮ ಕಣ್ಣಾರೆ ನೋಡಿ.

ಗುಂಡಿಯನ್ನೂ ನೋಡಿ. ಸುಮಾರು 2.5 ಮೀಟರ್ ಉದ್ದದ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು, ಇದು ನಮ್ಮ ಕಡೆಯ ಸಾಮಾನ್ಯ ಪದ್ಧತಿ. ಪೈಪಿಗೆ ವೈರ್ ಸೇರುವ ಕ್ಲ್ಯಾಂಪ್ ತುಕ್ಕು ಹಿಡಿದು ಪುಡಿಯಾಗಿದ್ದರೆ ಗುಂಡಿ ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ಮಣ್ಣು ಹಸಿಯಾಗಿ ಅರ್ಥ್ ಚೆನ್ನಾಗಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿ ತಡೆ ಏರುತ್ತದೆ. ಆ ತಿಂಗಳುಗಳಲ್ಲಿ ಆಗಾಗ ಒಂದೆರಡು ಬಕೆಟ್ ನೀರು ಹಾಕಿ. ಅರ್ಥ್ ಟೆಸ್ಟರ್ ಇಟ್ಟು ಅಳೆಯುವವರನ್ನೇ ಕರೆಸಿ, ಬೇಸಿಗೆಯಲ್ಲೇ ಅಳೆಸಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು.

ಹಂತ 5: ಆರ್‌ಸಿಸಿಬಿ ಹಾಕಿಸಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ. ಆರ್‌ಸಿಸಿಬಿ ಅಂದರೆ ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿಯೇ ಸಪ್ಲೈ ಕಡಿಯುವ ಸ್ವಿಚ್.

"ನಮ್ಮಲ್ಲಿ ಎಂಸಿಬಿ ಇದೆಯಲ್ಲ" ಅಂತ ತುಂಬಾ ಜನ ಹೇಳುತ್ತಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿ ಹರಿದರೆ ತಾನಾಗಿಯೇ ಬೀಳುವ ಸ್ವಿಚ್. ಅದು ಕಾಪಾಡುವುದು ವೈರನ್ನು. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದರೆ 16 ಆಂಪಿಯರ್‌ಗಿಂತ ಜಾಸ್ತಿ ಹರಿಯಬೇಕು. ಮನುಷ್ಯನ ಜೀವ ಹೋಗುವುದು ಅದರ ನೂರರ ಒಂದು ಭಾಗಕ್ಕೇ. ಅರ್ಥಿಂಗ್ ಇದ್ದರೂ ಸಾಲದಿರಬಹುದು. ನಿಮ್ಮ ಗುಂಡಿಯ ತಡೆ 20 ಓಮ್ ಅಂತಿಟ್ಟುಕೊಳ್ಳಿ. ಗೀಸರ್ ಒಳಗೆ ಫೇಸ್ ಪೂರ್ತಿ ಮೈಗೆ ತಾಗಿದರೂ 230 ಭಾಗ 20, ಅಂದರೆ ಹೆಚ್ಚೆಂದರೆ 11.5 ಆಂಪಿಯರ್ ಹರಿಯುತ್ತದೆ. ಎಂಸಿಬಿ ಬೀಳುವುದೇ ಇಲ್ಲ. ಗೀಸರ್ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ, ಬಚ್ಚಲಿಗೆ ಹೋಗುವವರಿಗಾಗಿ.

ಆರ್‌ಸಿಸಿಬಿ ಮಾಡುವ ಕೆಲಸ ಬೇರೆ. ಬೆಳಿಗ್ಗೆ ತೋಟಕ್ಕೆ ಇಳಿದವರನ್ನು ಸಂಜೆ ಎಣಿಸಿಕೊಳ್ಳುವ ಮೇಸ್ತ್ರಿಯ ಹಾಗೆ, ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೆ, ಅದು ಯಾರದೋ ಮೈ ಮೂಲಕ ನೆಲಕ್ಕೆ ಹೋಗುತ್ತಿದೆ ಅಂತ ಲೆಕ್ಕ. ಸೆಕೆಂಡಿನ ಸಣ್ಣ ಭಾಗದಲ್ಲಿ ಇಡೀ ಸಪ್ಲೈ ಕಡಿಯುತ್ತದೆ. ಶಾಕ್ ಗೊತ್ತಾಗುತ್ತದೆ, ಆದರೆ ಕೈ ಅಂಟಿಕೊಂಡು ಉಳಿಯಲು ಸಮಯವೇ ಸಿಗುವುದಿಲ್ಲ.

ಕೊಳ್ಳುವಾಗ 30 ಮಿಲಿ ಆಂಪಿಯರ್‌ದೇ ಕೇಳಿ. 100, 300ರದ್ದೂ ಸಿಗುತ್ತದೆ. ಅವು ಬೆಂಕಿ ತಡೆಯಲು, ಮನುಷ್ಯರನ್ನು ಕಾಪಾಡಲು ಅಲ್ಲ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಅದರ ಮೇಲಿನ ಟಿ ಅಕ್ಷರದ ಬಟನ್ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಬದಲಾಯಿಸಿ.

ಹಳೇ ಮನೆಯಲ್ಲಿ ಹಾಕಿಸಿದ ಕೂಡಲೇ ಪದೇ ಪದೇ ಬೀಳುತ್ತದೆ ಅಂತ ದೂರು ಬರುತ್ತದೆ. ಎರಡು ಸರ್ಕ್ಯೂಟುಗಳ ನ್ಯೂಟ್ರಲ್ ಎಲ್ಲೋ ಬೆರೆತಿರುತ್ತದೆ, ಇಲ್ಲವೇ ಹೊರಗಿನ ದೀಪದೊಳಗೆ ಮಳೆನೀರು ಇಳಿದಿರುತ್ತದೆ. ಎಲೆಕ್ಟ್ರಿಷಿಯನ್ ಅದನ್ನು ಹುಡುಕಿ ಸರಿ ಮಾಡಬೇಕು. "ತೊಂದರೆ ಕೊಡುತ್ತೆ, ಬೈಪಾಸ್ ಮಾಡಿಬಿಡ್ತೀನಿ" ಅಂದರೆ ಒಪ್ಪಬೇಡಿ. ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ, ಅಥವಾ ವೈರಿಂಗ್ ತಪ್ಪಿದೆ ಅಂತಲೇ ಅರ್ಥ.

ಇದಕ್ಕೂ ಮಿತಿ ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣ ಚಪ್ಪಲಿಯಲ್ಲಿ ನಿಂತರೆ ಹೋದ ಕರೆಂಟ್ ಅಷ್ಟೂ ವಾಪಸ್ ಬರುತ್ತದೆ. ಆರ್‌ಸಿಸಿಬಿಗೆ ನೀವೂ ಒಂದು ಬಲ್ಬಿನ ಹಾಗೇ ಕಾಣುತ್ತೀರಿ. ಇನ್ನೊಂದು, ಇನ್ವರ್ಟರ್‌ನಿಂದ ಓಡುವ ಲೈಟು, ಸಾಕೆಟ್ಟುಗಳು ಎಷ್ಟೋ ಮನೆಗಳಲ್ಲಿ ಇದರ ರಕ್ಷಣೆಯಿಂದ ಹೊರಗಿರುತ್ತವೆ. ಆ ಕಡೆಗೂ ಒಂದು ಹಾಕಿಸಲು ಹೇಳಿ.

ತೋಟದ ಮಾಲೀಕರಿಗೆ ಒಂದು ಮಾತು. ಬಂಗಲೆಗೆ ಆರ್‌ಸಿಸಿಬಿ ಹಾಕಿಸಿ ಲೈನ್ ಮನೆಗಳನ್ನು, ಅಂದರೆ ಕೆಲಸದವರ ಸಾಲು ಮನೆಗಳನ್ನು, ಹಾಗೇ ಬಿಡಬೇಡಿ. ಹಳೇ ವೈರು, ಸೋರುವ ಸೂರು, ಮಣ್ಣಿನ ನೆಲ, ಬಕೆಟ್ಟಿಗೆ ಇಳಿಬಿಟ್ಟ ಕಾಯಿಲ್ ಹೀಟರ್, ಓಡಾಡುವ ಮಕ್ಕಳು. ಶಾಕ್‌ಗೆ ಬೇಕಾದದ್ದೆಲ್ಲ ಅಲ್ಲೇ ಇದೆ. ಸಾಲು ಮನೆಗಳ ಮೇನ್ ಬೋರ್ಡಿಗೆ ಒಂದು ಆರ್‌ಸಿಸಿಬಿ, ಒಂದು ಒಳ್ಳೆಯ ಅರ್ಥ್ ಗುಂಡಿ, ಇದು ದೊಡ್ಡ ಖರ್ಚಲ್ಲ. ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಅಲ್ಲಿಯೇ.

ಹಂತ 6: ತೋಟದಲ್ಲಿ ಬೇರೆಯೇ ನಿಯಮ

ಇಲ್ಲಿಯವರೆಗೆ ಹೇಳಿದ್ದು 230 ವೋಲ್ಟ್ ಮಾತು. ತೋಟದ ನಡುವೆ ಹಾದುಹೋಗುವ ಎಚ್‌ಟಿ (ಹೈ ಟೆನ್ಷನ್) ಲೈನ್ 11,000 ವೋಲ್ಟ್. ಅದರ ಮುಂದೆ ಒಣ ಚರ್ಮ, ಗಂಬೂಟು, ಒರಟು ಅಂಗೈ ಯಾವುದೂ ಲೆಕ್ಕಕ್ಕಿಲ್ಲ. ಆ ಒತ್ತಡಕ್ಕೆ ಚರ್ಮದ ತಡೆಯೇ ಮುರಿದುಹೋಗುತ್ತದೆ. ಯಾರಿಗೆ ಹೊಡೆಯುತ್ತದೆ, ಯಾರಿಗೆ ಇಲ್ಲ ಅನ್ನುವ ಪ್ರಶ್ನೆಯೇ ಇಲ್ಲಿಲ್ಲ.

ಕಾಳುಮೆಣಸು ಕೊಯ್ಲಿನ ಸಮಯದಲ್ಲಿ ದಯವಿಟ್ಟು ಎಚ್ಚರ. ಒಂದು ಸಿಲ್ವರ್ ಮರದ ಬಳ್ಳಿ ಕೊಯ್ದು ಮುಗಿಸಿ, ಅಲ್ಯೂಮಿನಿಯಂ ಏಣಿಯನ್ನು ನಿಲ್ಲಿಸಿಕೊಂಡೇ ಮುಂದಿನ ಮರಕ್ಕೆ ನಡೆಯುತ್ತಾರೆ. ಕಾಫಿ ಗಿಡಗಳ ನಡುವೆ ಏಣಿ ಮಲಗಿಸಿ ಒಯ್ಯುವುದು ಕಷ್ಟ, ಗಿಡದ ರೆಕ್ಕೆ (ಕೊಂಬೆ) ಮುರಿಯುತ್ತದೆ ಅಂತ. ಕಣ್ಣು ಕಾಲ ಬುಡದ ಗಿಡದ ಮೇಲೆ, ಏಣಿಯ ತುದಿ ಎಲೆಗಳ ಮೇಲೆಲ್ಲೋ. ಅಲ್ಲೇ ಲೈನ್ ಇರುತ್ತದೆ. ಪ್ರಾಣ ಹೋಗುವುದು ಹೀಗೆ. ಕೊಯ್ಲು ಶುರುವಾಗುವ ಮುಂಚೆ ಲೈನ್ ಹಾದುಹೋಗುವ ಸಾಲಿನ ಮರಗಳಿಗೆ ಕೆಂಪು ಪೇಂಟ್ ಗುರುತು ಹಾಕಿ. ಏಣಿ ಜಾರಿ ಬಿದ್ದರೂ ಲೈನಿಗೆ ತಾಗದಷ್ಟು ದೂರ ಬಿಡಿ. ಗುರುತಿನ ಮರಗಳಿಗೆ ಅಲ್ಯೂಮಿನಿಯಂ ಏಣಿ ಇಡಲೇಬೇಡಿ. ಫೈಬರ್ ಏಣಿ ಇದ್ದರೂ ಲೈನ್ ಆಫ್ ಮಾಡಿಸಿಯೇ ಹತ್ತಿಸಿ. ಹೊರರಾಜ್ಯದಿಂದ ಬಂದ ಹೊಸ ಕೆಲಸದವರಿಗೆ ಅವರ ಭಾಷೆಯಲ್ಲೇ ತೋರಿಸಿ ಹೇಳಿಸಿ.

ಹಸಿ ಬಿದಿರಿನ ದೋಟಿ, ಹಸಿ ಕೊಂಬೆ ಕೂಡ ಕರೆಂಟ್ ಹರಿಸುತ್ತವೆ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಲೈನ್ ಪಕ್ಕದ ಮರಕ್ಕೆ ಕೈ ಹಾಕುವ ಮೊದಲು ನಮ್ಮ ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಕ್ಲಿಯರ್ ತೆಗೆದುಕೊಳ್ಳಿ. ಲೈನ್ ಕ್ಲಿಯರ್ ಅಂದರೆ ಆ ಲೈನನ್ನು ಅಧಿಕೃತವಾಗಿ ಆಫ್ ಮಾಡಿಸಿ, ಕೆಲಸ ಮುಗಿಯುವವರೆಗೆ ಆನ್ ಆಗದಂತೆ ನೋಡಿಕೊಳ್ಳುವುದು. "ಬೆಳಿಗ್ಗೆಯಿಂದ ಕರೆಂಟ್ ಇಲ್ವಲ್ಲ, ಹತ್ತಿಬಿಡು" ಅನ್ನುವುದು ಲೈನ್ ಕ್ಲಿಯರ್ ಅಲ್ಲ. ಕಾಫಿ ಹೂ ಬಿಡಲು ಕೊಡುವ ಬ್ಲಾಸಮ್ ನೀರಾವರಿಗೆ ಸ್ಪ್ರಿಂಕ್ಲರ್ ಪೈಪ್ ಎತ್ತಿ ನಿಲ್ಲಿಸುವಾಗಲೂ ತಲೆ ಎತ್ತಿ ಒಮ್ಮೆ ನೋಡಿ.

ಜನರೇಟರ್ ಇಟ್ಟವರು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆ ಲೈನಿಗೆ ಕೊಡಬೇಡಿ. ಆ ಸ್ವಿಚ್ ಒಂದು ಹೊತ್ತಿಗೆ ಒಂದೇ ಸಪ್ಲೈ ಬರುವ ಹಾಗೆ ನೋಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ನಿಮ್ಮ ಜನರೇಟರಿನ ಕರೆಂಟ್ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗಿ, ಅಲ್ಲಿ 11,000 ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಮಳೆಯಲ್ಲಿ ನೆನೆಯುತ್ತಾ ನಿಮ್ಮದೇ ಲೈನ್ ಸರಿಮಾಡುತ್ತಿರುವ ಲೈನ್‌ಮ್ಯಾನ್ ಕಂಬದ ಮೇಲಿರುತ್ತಾನೆ.

ಲೈನ್ ತುಂಡಾಗಿ ಬಿದ್ದಿದ್ದರೆ ಹತ್ತು ಮೀಟರ್ ದೂರ ಇರಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಬಿದ್ದ ಜಾಗದಿಂದ ಸುತ್ತ ನೆಲದಲ್ಲಿ ವೋಲ್ಟೇಜ್ ಹರಡಿ, ದೂರ ಹೋದಂತೆ ಇಳಿಯುತ್ತಾ ಹೋಗುತ್ತದೆ. ಒಂದು ಕಾಲು ಹೆಚ್ಚು ವೋಲ್ಟೇಜ್ ಇರುವಲ್ಲಿ, ಇನ್ನೊಂದು ಕಡಿಮೆ ಇರುವಲ್ಲಿ ಬಿದ್ದರೆ ಕರೆಂಟ್ ಕಾಲಿನಿಂದ ಕಾಲಿಗೆ ಹರಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ದೂರ ಇರುವ, ನಡುವೆ ಹೃದಯ ಇರುವ ದನಗಳು ಪಕ್ಕದ ಮನುಷ್ಯ ಉಳಿದರೂ ಸಾಯುವುದು ಈ ಕಾರಣಕ್ಕೆ. ಈಗಾಗಲೇ ಹತ್ತಿರ ಹೋಗಿಬಿಟ್ಟಿದ್ದರೆ ಎರಡೂ ಪಾದ ಜೋಡಿಸಿಕೊಂಡು, ನೆಲದಿಂದ ಎತ್ತದೆ ಸಣ್ಣ ಸಣ್ಣದಾಗಿ ಜರುಗುತ್ತಾ ದೂರ ಬನ್ನಿ. ಜೀಪಿನ ಮೇಲೆ ಲೈನ್ ಬಿದ್ದರೆ ಒಳಗೇ ಕೂತಿರಿ. ಬೆಂಕಿ ಹತ್ತಿದರೆ ಮಾತ್ರ, ಜೀಪ್ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ, ಎರಡೂ ಕಾಲು ಜೋಡಿಸಿ ಹೊರಗೆ ಹಾರಿ.

ಸೋಲಾರ್ ಬೇಲಿ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ: "ಅವನು ಮುಟ್ಟಿದ, ಏನೂ ಆಗಲಿಲ್ಲ, ನಾನು ಮುಟ್ಟಿದೆ, ಬಿದ್ದೇ ಹೋದೆ." ಎನರ್ಜೈಸರ್ ಅನ್ನುವ ಪೆಟ್ಟಿಗೆ ಸಾವಿರಾರು ವೋಲ್ಟ್‌ಗಳ ಏಟನ್ನು ಸುಮಾರು ಸೆಕೆಂಡಿಗೊಮ್ಮೆ ಮಾತ್ರ ಕಳಿಸುತ್ತದೆ. ಪ್ರತಿ ಏಟೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕದು. ಎರಡು ಏಟಿನ ನಡುವೆ ಮುಟ್ಟಿ ಬಿಟ್ಟವರಿಗೆ ಗೊತ್ತೇ ಆಗುವುದಿಲ್ಲ. ಒಣ ಗಂಬೂಟು ಹಾಕಿದವರಿಗೂ ಕಡಿಮೆ. ಆನೆಗಳು ದಂತದಿಂದ ತಂತಿ ತಳ್ಳಿ ಬೇಲಿ ಮುರಿಯುವುದರ ಹಿಂದೆಯೂ ಇದೇ ಲೆಕ್ಕ, ದಂತದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಏಟು ಅಷ್ಟು ಚಿಕ್ಕದಾದ್ದರಿಂದಲೇ ಸರಿಯಾದ ಸೋಲಾರ್ ಬೇಲಿ ಹೆದರಿಸುತ್ತದೆ, ಸಾಯಿಸುವುದಿಲ್ಲ. ಬೇಲಿಗೆ ಮನೆಯ ಲೈನಿನಿಂದ ನೇರ ಕರೆಂಟ್ ಕೊಟ್ಟರೆ ಅದು ನಿಲ್ಲದೆ ಹರಿಯುತ್ತದೆ. ಮುಟ್ಟಿದ ಆನೆ, ದನ, ಪಕ್ಕದ ಮನೆಯ ಮಗು ಯಾರೂ ಉಳಿಯುವುದಿಲ್ಲ. ಅದು ಅಪರಾಧ ಕೂಡ. ಎಷ್ಟೇ ಬೆಳೆ ಹೋದರೂ ಈ ಕೆಲಸಕ್ಕೆ ಇಳಿಯಬೇಡಿ.

ಹಂತ 7: ಯಾರಿಗಾದರೂ ಶಾಕ್ ಹೊಡೆದರೆ

ಓಡಿಹೋಗಿ ಹಿಡಿಯಬೇಡಿ. ಮೊದಲು ಮೇನ್ ಆಫ್. ಮನೆಯ ಎಲ್ಲರಿಗೂ, ಮಕ್ಕಳಿಗೂ, ಮೇನ್ ಸ್ವಿಚ್ ಎಲ್ಲಿದೆ ಅಂತ ಇವತ್ತೇ ತೋರಿಸಿಡಿ. ಆಫ್ ಮಾಡಲು ಸಾಧ್ಯವೇ ಇಲ್ಲ ಅಂದರೆ, ಮನೆಯ ಲೈನ್ ಆದರೆ ಮಾತ್ರ, ಒಣಗಿದ ಜಾಗದಲ್ಲಿ ಚಪ್ಪಲಿ ಹಾಕಿ ನಿಂತು ಒಣ ಮರದ ಕೋಲಿನಿಂದ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಬಿಡಿಸಿ. ಎಚ್‌ಟಿ ಲೈನ್ ಆದರೆ ಕೋಲು ಹಿಡಿದೂ ಹತ್ತಿರ ಹೋಗಬೇಡಿ. ಕಣ್ಣೆದುರು ನಮ್ಮವರು ಬಿದ್ದಿರುವಾಗ ದೂರ ನಿಲ್ಲುವುದು ಎಷ್ಟು ಕಷ್ಟ ಅಂತ ಗೊತ್ತು. ಆದರೆ ಕಾಪಾಡಲು ಹೋದವರೂ ಅಲ್ಲೇ ಬೀಳುತ್ತಾರೆ. 1912ಕ್ಕೆ ಹೇಳಿ, ಲೈನ್ ಆಫ್ ಆಗಿದೆ ಅಂತ ಅವರು ಖಾತ್ರಿ ಕೊಟ್ಟ ಮೇಲೆಯೇ ಹೋಗಿ.

ಬಿಡಿಸಿದ ಮೇಲೆ ಕರೆದು ನೋಡಿ, ಉಸಿರು ನೋಡಿ. ಪ್ರಜ್ಞೆ ಇಲ್ಲ, ಉಸಿರೂ ಇಲ್ಲ, ಅಥವಾ ಬಿಕ್ಕಿದ ಹಾಗೆ ಆಗೊಮ್ಮೆ ಈಗೊಮ್ಮೆ ಮಾತ್ರ ಉಸಿರು ಎಳೆಯುತ್ತಿದ್ದಾರೆ ಅಂದರೆ ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಆ ಕ್ಷಣವೇ ಎದೆ ಒತ್ತಲು ಶುರು ಮಾಡಲಿ. ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ, ನಿಲ್ಲಿಸಬೇಡಿ. ನಮ್ಮ ಬೆಟ್ಟದ ರಸ್ತೆಗಳಲ್ಲಿ ಆಂಬುಲೆನ್ಸ್ ತಲುಪಲು ಹೊತ್ತಾಗುತ್ತದೆ. ಅಲ್ಲಿಯವರೆಗೆ ಮೆದುಳಿಗೆ ರಕ್ತ ಹೋಗುವುದು ನಿಮ್ಮ ಕೈಯಿಂದಲೇ. ಮರಳಲ್ಲಿ ಹೂಳುವುದು, ನೀರು ಸುರಿಯುವುದು, ಅಂಗಾಲು ತಿಕ್ಕುವುದು, ಇವುಗಳಿಂದ ಹೃದಯ ಮತ್ತೆ ಶುರುವಾಗುವುದಿಲ್ಲ. ಹೊತ್ತು ಮಾತ್ರ ಹೋಗುತ್ತದೆ.

ಏಣಿಯಿಂದ ಬಿದ್ದಿದ್ದರೆ ಬೆನ್ನು, ಕುತ್ತಿಗೆಗೆ ಪೆಟ್ಟಾಗಿರಬಹುದು. ಉಸಿರಾಡುತ್ತಿದ್ದರೆ ಸುಮ್ನೆ ಎತ್ತಿ ಕೂರಿಸಬೇಡಿ.

ಎದ್ದು ಕೂತು "ನಾನು ಚೆನ್ನಾಗೇ ಇದ್ದೀನಿ" ಅಂದರೂ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳಿವೆ. ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಅಥವಾ ನೋವಿದ್ದರೆ, ಕೈ ಅಂಟಿಕೊಂಡಿದ್ದರೆ, ಸುಟ್ಟ ಗುರುತಿದ್ದರೆ, ಗರ್ಭಿಣಿಯಾಗಿದ್ದರೆ, ಎಚ್‌ಟಿ ಲೈನ್ ಆಗಿದ್ದರೆ ತಡಮಾಡದೆ ಹೋಗಿ ಇಸಿಜಿ ಮಾಡಿಸಿ. ಚರ್ಮದ ಮೇಲಿನ ಸಣ್ಣ ಕಪ್ಪು ಚುಕ್ಕೆಯ ಕೆಳಗೆ ಸ್ನಾಯು ಆಳವಾಗಿ ಬೆಂದಿರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಂದ ಸ್ನಾಯುವಿನ ಅಂಶ ಕಿಡ್ನಿಗೆ ಇಳಿಯುತ್ತಿದೆ ಅಂತ ತಿಳಿಯಿರಿ, ಆಗ ಒಂದು ನಿಮಿಷವೂ ಕಾಯಬೇಡಿ. ಎಷ್ಟು ವೋಲ್ಟಿನ ಲೈನ್, ಎಷ್ಟು ಹೊತ್ತು ಹಿಡಿದಿತ್ತು, ಎಲ್ಲಿಂದ ಒಳಗೆ ಬಂದು ಎಲ್ಲಿಂದ ಹೊರಗೆ ಹೋಯಿತು, ಇಷ್ಟನ್ನು ಡಾಕ್ಟರಿಗೆ ಹೇಳಿ. ಶಾಕ್ ಕೊಟ್ಟ ವಸ್ತುವಿನ ಪ್ಲಗ್ ತೆಗೆದು ಅದರ ಮೇಲೊಂದು ಚೀಟಿ ಅಂಟಿಸಿ ಹೋಗಿ. ನೀವು ಆಸ್ಪತ್ರೆಯಲ್ಲಿರುವಾಗ ಮನೆಯಲ್ಲಿ ಇನ್ನೊಬ್ಬರು ಅದನ್ನು ಆನ್ ಮಾಡಬಾರದು.